ಲೆಕ್ಕಕ್ಕೆ ಸಿಗದ ಹನ್ನೊಂದು ಜನ

ದಕ್ಷಿಣ ಕೊರಿಯಾದ ಉಲ್ಸಾನಿನಲ್ಲಿ, ಹಡಗು ಕಟ್ಟುವ ಕಾರ್ಖಾನೆಯಲ್ಲಿ ಪ್ಯೋ ಗುಮ್‌ಜಾ ಹದಿನಾರು ವರ್ಷ ಬಣ್ಣ ಬಳಿದಳು. ಯಂತ್ರದ ಕೈ ತಲುಪದ ಸಂದಿಗಳಲ್ಲಿ ಬೋರಲು ಮಲಗಿ ಬ್ರಷ್ ಆಡಿಸುವ ಕೆಲಸ. ನಾನೂ ಅದೇ ಗುಂಪಿನಲ್ಲಿದ್ದೆ. ಹೊಸ ಹಡಗಿನ ಆರ್ಡರ್‌ಗಳು ನಿಂತ ವರ್ಷ, ಮೇಸ್ತ್ರಿ ಮಾ ದೋಕ್‌ಸು ಊಟದ ಹೊತ್ತಿನಲ್ಲಿ ಕೆಲಸ ಬಿಡಬೇಕಾದವರ ಪಟ್ಟಿ ಓದಿದ. ಮೊದಲ ಹೆಸರು ಅವಳದು.

"ಹೆಂಗಸ್ರು ಮೊದ್ಲು ಹೋಗ್ಲಿ. ಮನೇಲಿ ಗಂಡಂದಿರು ದುಡೀತಾರಲ್ಲ."

"ನನ್ನ ಗಂಡ ಸತ್ತು ಆರು ವರ್ಷ ಆಯ್ತು ಮೇಸ್ತ್ರಿ. ಸಾವಿನ ಮನೆಗೆ ನೀವೂ ಬಂದಿದ್ರಿ, ಎರಡು ಬಟ್ಟಲು ಸಾರು ಕುಡಿದು ಹೋದ್ರಿ," ಎಂದಳು ಗುಮ್‌ಜಾ.

ಆತ ತಲೆ ಎತ್ತದೆ ಎರಡನೇ ಹೆಸರು ಓದಿದ.

ಎಂಟು ತಿಂಗಳು ಅಲೆದ ಮೇಲೆ ಅವಳಿಗೆ ಸಿಕ್ಕಿದ್ದು ಅಂಕಿಅಂಶ ಕಚೇರಿಯ ತಾತ್ಕಾಲಿಕ ಕೆಲಸ. ಪ್ರತಿ ತಿಂಗಳೂ ಗೊತ್ತುಮಾಡಿದ ಮನೆಗಳಿಗೆ ಹೋಗಿ, ಯಾರಿಗೆ ಕೆಲಸವಿದೆ, ಯಾರಿಗಿಲ್ಲ ಎಂದು ಬರೆದುಕೊಳ್ಳಬೇಕು. ಕೆಲಸ ಕಳೆದುಕೊಂಡವರೇ ತುಂಬಿದ್ದ ಬಡಾವಣೆ. ಒಬ್ಬಳು ಕಿಮ್ಚಿ ಉಪ್ಪಿನಕಾಯಿಗೆ ಎಲೆಕೋಸು ನೆನೆಸಿದ ಉಪ್ಪುನೀರನ್ನು ಅವಳ ಕಾಲ ಮೇಲೆ ಚೆಲ್ಲಿದಳು. ಇನ್ನೊಬ್ಬ ನಾಯಿ ಛೂ ಬಿಟ್ಟ. "ತಿಂಗ್ಳಾ ತಿಂಗ್ಳಾ ಬಂದು ಗಾಯ ಕೆರೀತೀಯಲ್ಲ, ನಾಚ್ಕೆ ಆಗಲ್ವಾ?" ಎಂದು ಮತ್ತೊಬ್ಬಳು ಬೈದಳು.

ಒಂದು ಸಲ ಬಂದ ಹೊಸ ಪಟ್ಟಿಯಲ್ಲಿ ದೋಕ್‌ಸುವಿನ ಮನೆಯಿತ್ತು. ಅಷ್ಟರಲ್ಲಿ ಅವನನ್ನೂ ಮನೆಗೆ ಕಳಿಸಿದ್ದರು. ಆ ಮನೆಯ ಎಣಿಕೆ ಬೇರೆಯವರಿಗೆ ಕೊಡಿ ಎಂದು ಕಚೇರಿಯಲ್ಲಿ ಕೇಳಬಹುದಿತ್ತು. ಗುಮ್‌ಜಾ ಕೇಳಲಿಲ್ಲ. ತುಟಿಗೆ ಬಣ್ಣ ಹಚ್ಚಿಕೊಂಡು ಹೋದಳು.

"ನೀನಾ?" ಎಂದ ಆತ, ಬಾಗಿಲ ಸಂದಿಯಿಂದ.

"ನಾನೇ ಮೇಸ್ತ್ರಿ. ಹೋದ ವಾರ ಕೂಲಿಗೆ ಅಂತ ಒಂದು ಗಂಟೆ ಆದ್ರೂ ದುಡಿದ್ರಾ?"

"ಕಣ್ಣು ಕಾಣಲ್ವಾ? ಹನ್ನೊಂದು ಗಂಟೆ ಹಗಲಲ್ಲಿ ಪೈಜಾಮ ಹಾಕ್ಕೊಂಡು ನಿಂತಿದೀನಿ."

"ಪೈಜಾಮ ಬರೆಯೋಕೆ ಇದ್ರಲ್ಲಿ ಜಾಗ ಇಲ್ಲ. ದುಡಿದ್ರಾ, ಇಲ್ವಾ?"

ಒಳಗಿನಿಂದ ಅವನ ಹೆಂಡತಿ ಕೂಗಿದಳು: "ಮಂಗಳವಾರ ಮೀನು ಮಾರ್ಕೆಟ್ಟಲ್ಲಿ ಎರಡು ಗಂಟೆ ಐಸ್ ಹೊತ್ರಲ್ಲ, ಹೇಳ್ರೀ!"

"ಹಾಗಾದ್ರೆ ನಿಮಗೆ ಉದ್ಯೋಗ ಇದೆ," ಎಂದು ಗುಮ್‌ಜಾ ಗುರುತು ಹಾಕಿದಳು.

"ಐಸ್ ಹೊತ್ತಿದ್ದು ಉದ್ಯೋಗಾನಾ? ಸೇಡು ತೀರಿಸ್ಕೋತೀಯಾ?"

"ಒಂದು ಗಂಟೆ ದುಡಿದ್ರೂ ಉದ್ಯೋಗ ಅನ್ನೋ ನಿಯಮ ನಂದಲ್ಲ. ಆದ್ರೆ ಖುಷಿ ಆಗ್ತಿದೆ, ಸುಳ್ಳು ಯಾಕೆ ಹೇಳ್ಲಿ."

ಬಾಗಿಲು ಮುಖಕ್ಕೆ ಬಡಿಯಿತು.

ಮುಂದಿನ ತಿಂಗಳು ಆತ ದುಡಿದಿರಲಿಲ್ಲ. ಕೆಲಸ ಹುಡುಕಿದಿರಾ ಎಂದು ಕೇಳಿದ್ದಕ್ಕೆ, "ಐವತ್ತೇಳು ವರ್ಷದೋನಿಗೆ ಯಾರು ಕೊಡ್ತಾರೆ? ಬಿಟ್ಬಿಟ್ಟೆ," ಎಂದ. ಹುಡುಕದವನು ನಿರುದ್ಯೋಗಿಯೂ ಅಲ್ಲ ಎನ್ನುತ್ತದೆ ನಿಯಮ. ಎರಡೂ ಲೆಕ್ಕದಿಂದ ಹೊರಗಿನ ಮೂರನೇ ಖಾನೆಯಲ್ಲಿ ಅವಳು ಗುರುತು ಹಾಕಿ, ಆತ ಕೇಳಿದ್ದಕ್ಕೆ ಹಾಗೆಂದು ಹೇಳಿದಳು. ಈ ಸಲ ಖುಷಿಯಾಗಲಿಲ್ಲ. ಮನೆಗೆ ಬಂದು ಪಟ್ಟಿಯನ್ನೆಲ್ಲ ಹರಡಿಕೊಂಡು ಅಂಥವರು ಎಷ್ಟು ಜನ ಎಂದು ಎಣಿಸಿದಳು.

ಊರಿನಲ್ಲಿ ನಿರುದ್ಯೋಗ ಇಳಿದಿದೆ ಎಂದು ಪತ್ರಿಕೆಯಲ್ಲಿ ಬಂದ ದಿನ ದೋಕ್‌ಸು ಅದನ್ನು ಮುದುರಿ ಹಿಡಿದು ಕಚೇರಿಗೇ ನುಗ್ಗಿದ.

"ಇವಳು ನನ್ನನ್ನ ಅಳಿಸಿ ಹಾಕಿದಾಳೆ! ಕೆಲ್ಸ ಇದ್ದೋರಲ್ಲೂ ಇಲ್ಲ, ಇಲ್ದೋರಲ್ಲೂ ಇಲ್ಲ. ನಾನೇನು ಸತ್ತಿದೀನಾ?"

"ಕೂಗಾಡ್ಬೇಡಿ ಯಜಮಾನ್ರೆ, ಅಂಕಿ ಸರಿಯಾಗೇ ಇದೆ," ಎಂದ ಮೇಲ್ವಿಚಾರಕ.

ಗುಮ್‌ಜಾ ಎದ್ದು ನಿಂತಳು. "ಅಂಕಿ ಸರಿ ಇದೆ ಸಾರ್, ನಿಯಮ ನೋಡೇ ಬರ್ದಿದೀನಿ. ಆದ್ರೆ ಇವ್ರಿಗೆ ಕೆಲ್ಸ ಇಲ್ಲ. ನನ್ನ ಮೂವತ್ತು ಮನೇಲಿ ಹಿಂಗೆ ಹುಡುಕೋದೇ ಬಿಟ್ಟೋರು ಹನ್ನೊಂದು ಜನ. ಅದನ್ನೂ ಪತ್ರಿಕೆಯೋರಿಗೆ ಹೇಳಿ."

"ನಿಮ್ಮ ಅಭಿಪ್ರಾಯ ಯಾರೂ ಕೇಳಿಲ್ಲ."

ಹೊರಗೆ ಮೆಟ್ಟಿಲ ಮೇಲೆ ದೋಕ್‌ಸು ಕಾದಿದ್ದ. "ನನ್ನ ಪರ ಮಾತಾಡ್ದೆ ಅಂತ ಕೈ ಮುಗೀತೀನಿ ಅಂದ್ಕೋಬೇಡ."

"ನಿಮ್ಮ ಪರ ಅಲ್ಲ. ನೀವು ಉಪವಾಸ ಬಿದ್ರೂ ನಂಗೆ ನಿದ್ದೆ ಬರತ್ತೆ. ಬರ್ದಿದ್ದು ನನ್ನ ಕೈ, ಅದಕ್ಕೆ ಹೇಳ್ದೆ."

ತಿಂಗಳ ಕೊನೆಗೆ ಅವಳ ಗುತ್ತಿಗೆ ಮುಗಿಯಿತು, ಮತ್ತೆ ಕರೆಯಲಿಲ್ಲ. ಈಗ ಒಂದು ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾಳೆ. ದೋಕ್‌ಸು ಅಣ್ಣನ ಮರಸೇಬಿನ ತೋಟ ಕಾಯುತ್ತಿದ್ದಾನಂತೆ. ಬಸ್ ನಿಲ್ದಾಣದಲ್ಲಿ ಗುಮ್‌ಜಾ ಸಿಕ್ಕಾಗ ನಾನು ಆ ಸುದ್ದಿ ಹೇಳಿದೆ. ಅವಳು ಬಸ್ಸಿನ ಚಿಲ್ಲರೆ ತೆಗೆದು ಎಣಿಸಿದಳು. ಬಸ್ಸು ಬಂತು, ಹತ್ತಿ ಹೋದಳು.