ಡಿಪೋ ಹಿಟ್ಟಿನ ಹಸಿರು ತರಿ

ನನ್ನ ಅತ್ತೆಯ ಕೈ ಬಲು ಚೊಕ್ಕ ಎಂದು ಊರಿನವರು ಹೊಗಳುತ್ತಿದ್ದರು. ಆ ಹೊಗಳಿಕೆ ನೆನಪಾದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಅವರು ಕಟ್ಟಿದ ಮುದ್ದೆಯಲ್ಲಿ ಒಂದು ಗಂಟಿರುವುದಿಲ್ಲ, ಒಂದು ಕಲ್ಲಿರುವುದಿಲ್ಲ ಎನ್ನುವುದು ನನ್ನ ಗಂಡನಿಗೂ ದೊಡ್ಡ ಹೆಮ್ಮೆ. ಹಿಟ್ಟನ್ನು ಮೊದಲು ಜರಡಿಯಲ್ಲಿ ಹಿಡಿದು, ಆಮೇಲೆ ಹಳೆಯ ಸೀರೆಯ ತೆಳುವಾದ ಬಟ್ಟೆಯಲ್ಲಿ ಇನ್ನೊಮ್ಮೆ ಸೋಸಿ, ಮಿಕ್ಕದ್ದನ್ನು ಎಮ್ಮೆಯ ಕರುವಿಗೆ ಸುರಿಯುತ್ತಿದ್ದರು. ಸೊಸೆಯಾದ ನಾನು ಜರಡಿಯನ್ನು ಮುಟ್ಟುವ ಹಾಗಿರಲಿಲ್ಲ. ಮುಟ್ಟಿದರೆ, "ಬಿಡೇ ಅತ್ಲಾಗೆ, ನಿಮ್ಮೂರಾಗೆ ಕಲ್ಲು ಮಣ್ಣು ಎಲ್ಲಾ ಸೇರಿಸ್ಕೊಂಡು ಉಣ್ತೀರಿ" ಎನ್ನುವರು.

ನಮ್ಮೂರು ಮೊಳಕಾಲ್ಮೂರು. ಅಪ್ಪ ಅಲ್ಲಿ ಹುಡುಗರಿಗೆ ಅಕ್ಷರ ಕಲಿಸುತ್ತಿದ್ದ, ನನಗೂ ಕಲಿಸಿದ. ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ನನ್ನನ್ನು ಚಳ್ಳಕೆರೆ ಸೀಮೆಗೆ, ನನ್ನಿವಾಳಕ್ಕೆ ಹತ್ತಿರದ ಒಂದು ಹಳ್ಳಿಗೆ ಕೊಟ್ಟರು. ಆ ಮನೆಯಲ್ಲಿ ನನ್ನ ಓದೂ ತಪ್ಪು, ನನ್ನ ತೆಲುಗೂ ತಪ್ಪು. ಒಬ್ಬಳೇ ಮಗಳು ಹುಟ್ಟಿದಳು, ಅದೂ ನನ್ನದೇ ತಪ್ಪಾಯಿತು. ಆ ಮಗಳ ಕಣ್ಣಿನ ವಿಷಯವನ್ನೇ ನಾನಿಲ್ಲಿ ಬರೆಯುತ್ತಿರುವುದು.

ಆಗ ಜರ್ಮನ್ ಯುದ್ಧದ ಕೊನೆಗಾಲ. ಸಂತೆಯಲ್ಲಿ ರಾಗಿಯ ಬೆಲೆ ಮುಟ್ಟುವಂತಿರಲಿಲ್ಲ. ಚಳ್ಳಕೆರೆಯಲ್ಲಿ ಸರ್ಕಾರದ ಅಗ್ಗದ ಧಾನ್ಯದ ಡಿಪೋ ತೆರೆದಿತ್ತು. ರಾಂಪುರದ ದಾರಿಯಾಗಿ ಗಾಡಿಗಳಲ್ಲಿ ರಾಗಿ ಬರುತ್ತಿತ್ತು, ಚೀಟಿ ಇದ್ದವರಿಗೆ ಅಳೆದು ಕೊಡುತ್ತಿದ್ದರು. ಒಂದು ವಾರ ಇದ್ದಕ್ಕಿದ್ದಂತೆ ಕಾಳು ನಿಂತು ಹಿಟ್ಟು ಬಂತು. ಡಿಪೋದ ಹಿತ್ತಲಲ್ಲೇ ಕೂಲಿ ಹೆಂಗಸರಿಂದ ಬೀಸಿಸಿದ ಹಿಟ್ಟು, ಅದರ ತುಂಬ ಹಸಿರು ತರಿ. ಇದೇನೆಂದು ತೂಗುವ ಸಾಬರನ್ನು ಕೇಳಿದೆ.

"ನಂಗೇನು ಮಾಲೂಮು ಅವ್ವಾ? ದವಾಖಾನೆ ಸಾಹೇಬ್ರು ಕೂಡಿಸಿದಾರೆ. ಬ್ಯಾಡ ಅಂದೋರ ಚೀಟಿ ವಾಪಸ್ ತಗೋ ಅಂತ ಹುಕುಂ ಐತೆ" ಎಂದರು.

ಈ ದವಾಖಾನೆ ಸಾಹೇಬರು ಎಂದರೆ ಚಳ್ಳಕೆರೆ ಆಸ್ಪತ್ರೆಯ ಡಾಕ್ಟರು, ಮೈಸೂರಿನ ಕಡೆಯವರು. ನಮ್ಮ ಹಳ್ಳಿಗೂ ಒಮ್ಮೆ ಬಂದಿದ್ದರು. ಜಟಕಾದಿಂದ ಇಳಿಯಲೂ ಇಲ್ಲ. ಕರವಸ್ತ್ರವನ್ನು ಮೂಗಿಗೆ ಹಿಡಿದುಕೊಂಡೇ, "ಡಿಪೋ ಹಿಟ್ಟನ್ನು ಎಲ್ಲರೂ ತಿನ್ನಬೇಕು. ಸರ್ಕಾರದ ಅಪ್ಪಣೆ" ಎಂದು ಹೇಳಿ ಹೊರಟುಹೋದರು. ಯಾಕೆ ತಿನ್ನಬೇಕು, ಅದರಲ್ಲಿ ಏನಿದೆ, ಒಂದು ಮಾತೂ ಇಲ್ಲ. ಎತ್ತಿಗೆ ಮೇವು ಹಾಕುವವನು ಎತ್ತಿಗೆ ಕಾರಣ ಹೇಳುತ್ತಾನೆಯೇ? ಅವರ ಕಣ್ಣಿಗೆ ನಾವೂ ಅಷ್ಟೇ.

ಅವರು ಬಾಯಿ ಬಿಡದ ಕಾರಣವನ್ನು ಊರೇ ಹುಟ್ಟಿಸಿಕೊಂಡಿತು. ಅದನ್ನು ತಿಂದವರಿಗೆ ಮಕ್ಕಳಾಗುವುದಿಲ್ಲ ಎಂದು ಕೆಲವರು, ಗಂಡಸರನ್ನು ಮಂಕು ಮಾಡಿ ಯುದ್ಧಕ್ಕೆ ಸಾಗಿಸುತ್ತಾರೆ ಎಂದು ಕೆಲವರು. ಹಿಟ್ಟನ್ನು ಬಿಡುವ ಹಾಗಿಲ್ಲ, ಬಿಟ್ಟರೆ ಚೀಟಿ ಹೋಗುತ್ತದೆ. ದಾರಿ ತೋರಿಸಿದವರು ನನ್ನ ಅತ್ತೆ. "ತರೋದು ತನ್ನಿ. ಸೋಸಿ ಉಣ್ಣಾಕೆ ಸರ್ಕಾರದ ಅಪ್ಪಣೆ ಬೇಕಾ?" ಎಂದು ನಮ್ಮ ಜಗಲಿಯ ಮೇಲೆ ಕೂತು ಬಟ್ಟೆ ಹಿಡಿದು ಸೋಸಿ ತೋರಿಸಿದರು. ಹೆಂಗಸರು ಸುತ್ತ ನಿಂತು ನೋಡಿ ಕಲಿತರು. ಹಸಿರು ತರಿಯೆಲ್ಲ ಬಟ್ಟೆಯಲ್ಲಿ ಉಳಿಯಿತು, ನಮ್ಮ ಕರುವಿನ ಬಾನಿಗೆ ಬಿತ್ತು. ಮನೆಮನೆಯಲ್ಲೂ ಹೀಗೇ ಆಯಿತು. ಕರು ಮಾತ್ರ ಮಿರಮಿರ ಮಿಂಚುತ್ತಿತ್ತು.

ನನ್ನ ಮಗಳಿಗೆ ಆಗ ನಾಲ್ಕು ತುಂಬಿತ್ತು. ದಡಾರ ಬಂದು ಹೋಗಿ ಸೊರಗಿದ್ದಳು. ಒಂದು ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಅಂಗಳದಿಂದ ಒಳಗೆ ಬರುವಾಗ ಹೊಸ್ತಿಲು ಎಡವಿ ಬಿದ್ದಳು. ಮರುದಿನ ಗೋಡೆಗೆ ಕೈ ಕೊಟ್ಟುಕೊಂಡು ಬಂದಳು. ಹಗಲೆಲ್ಲ ಚೆನ್ನಾಗಿ ಆಡುವ ಮಗು ಹೊತ್ತು ಮುಳುಗಿದರೆ ನನ್ನ ಸೆರಗು ಬಿಡುತ್ತಿರಲಿಲ್ಲ. "ಅವ್ವಾ, ದೀಪ ಹಚ್ಚು" ಎನ್ನುವಳು, ಎದುರಿಗೇ ದೀಪ ಉರಿಯುತ್ತಿದ್ದರೂ.

ಅತ್ತೆ ದೃಷ್ಟಿ ತೆಗೆದರು. ಬಾಣಂತಿಯ ಮನೆಯಿಂದ ಎದೆಹಾಲು ತಂದು ಕಣ್ಣಿಗೆ ಬಿಟ್ಟರು. ಗೌರಸಮುದ್ರದ ಮಾರಮ್ಮನಿಗೆ ಹರಕೆ ಕಟ್ಟಿದರು. ಚಳ್ಳಕೆರೆಗೆ ಕರೆದೊಯ್ಯೋಣ ಎಂದು ನಾನು ಗಂಡನಿಗೆ ಹೇಳಿದರೆ, "ಅವ್ವನ್ನ ಕೇಳು" ಎಂದ. ಆ ಮನುಷ್ಯ ಜನ್ಮದಲ್ಲಿ ಆಡಿದ ಮಾತುಗಳಲ್ಲಿ ಅರ್ಧ ಇದೇ ಇರಬೇಕು. ಅವ್ವನನ್ನು ಕೇಳಿ ಕೇಳಿ ದಿನಗಳು ಹೋದವು. ಒಂದು ಬೆಳಿಗ್ಗೆ ಮಗುವಿನ ಎಡಗಣ್ಣಿನ ಕಪ್ಪಿನ ಮೇಲೆ ಬೆಳ್ಳಗೆ ಹೂ ಬಿದ್ದಿತ್ತು. ನಾನು ಯಾರನ್ನೂ ಕೇಳದೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಹೊರಟೆ. ಅತ್ತೆ ಬೈಯುತ್ತಲೇ ಹಿಂದೆ ಬಂದರು.

ಡಾಕ್ಟರು ರೆಪ್ಪೆ ಬಿಡಿಸಿ ನೋಡಿದರು. ಮುಖ ಬಿಗಿಯಾಯಿತು. "ಡಿಪೋ ಹಿಟ್ಟು ಕೊಡುತ್ತಿದ್ದೀರೋ ಇಲ್ಲವೋ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ದಿನಾ ಅದನ್ನೇ ಉಣ್ತೀವ್ರಿ ಸ್ವಾಮಿ" ಎಂದರು. ಚೀಟಿಯ ಭಯ.

"ಹಾಗಾದರೆ ಹೀಗಾಗಬಾರದಲ್ಲ. ಅದರಲ್ಲಿ ಹಾಕಿಸಿರುವುದು ನೆರಳಲ್ಲಿ ಒಣಗಿಸಿದ ನುಗ್ಗೆಸೊಪ್ಪು. ಇದೇ ಇರುಳುಗುರುಡಿಗೆ ಅಂತಲೇ ಹಾಕಿಸಿದ್ದು."

ನುಗ್ಗೆಸೊಪ್ಪು! ನಮ್ಮ ಹಿತ್ತಲಲ್ಲೇ ಮರ ಇತ್ತು. ಮಕ್ಕಳಿಗೆ ಉಷ್ಣ ಎಂದು ಅತ್ತೆ ಕೀಳಲು ಬಿಡುತ್ತಿರಲಿಲ್ಲ.

"ಅವರು ಸುಳ್ಳು ಹೇಳ್ತಾರೆ ಸ್ವಾಮಿ. ಸೊಪ್ಪನ್ನೆಲ್ಲ ಸೋಸಿ ಕರುವಿಗೆ ಹಾಕ್ತಾರೆ. ಊರಾಗೆ ಎಲ್ರೂ ಹಂಗೇ ಮಾಡ್ತಾರೆ" ಎಂದೆ. ಅತ್ತೆ ನನ್ನ ತೋಳನ್ನು ಚಿವುಟಿದರು. ಚಿವುಟಲಿ ಎಂದು ಬಿಟ್ಟೆ.

ಡಾಕ್ಟರ ಸಿಟ್ಟು ನೆತ್ತಿಗೇರಿತು. "ನಿಮ್ಮಂಥವರಿಗೆ ಇಷ್ಟೆಲ್ಲ ಮಾಡಿದೆನಲ್ಲ, ನನಗೆ ಬುದ್ಧಿ ಇಲ್ಲ. ದನಕ್ಕೆ ಹಾಕುವುದಕ್ಕೆ ಸರ್ಕಾರ ದುಡ್ಡು ಸುರಿಯಬೇಕಾ?"

"ಕಣ್ಣಿಗೆ ಒಳ್ಳೇದು ಅಂತ ಯಾರಾದ್ರೂ ನಮಗೆ ಹೇಳಿದ್ರಾ? ನೀವು ಜಟಕಾದಿಂದ ಇಳಿದಿದ್ರಾ?" ಎಂದೆ.

"ಹೇಳಿದ್ದರೆ ನಿಮಗೆ ತಿಳಿಯುತ್ತಿತ್ತಾ?"

ಅವರ ಆ ಮಾತನ್ನು ನಾನು ಕ್ಷಮಿಸಿಲ್ಲ. ಎಡಗಣ್ಣು ಹೋಯಿತು, ಬಲಗಣ್ಣು ಉಳಿದರೆ ನಿಮ್ಮ ಪುಣ್ಯ ಎಂದು ಕಣ್ಣಿಗೆ ಬಿಡುವ ನೀರೌಷಧಿ ಕೊಟ್ಟರು. ದಿನವೂ ಸೊಪ್ಪು ತಿನ್ನಿಸಿ ಎಂದರು. ನಾನು ಊರಿಗೆ ಬಂದವಳೇ ಸೆರಗು ಸಿಕ್ಕಿಸಿ ಹಿತ್ತಲಿನ ಮರದ ಕೊಂಬೆ ಎಳೆದು ಸೊಪ್ಪು ತರಿದೆ. ತಡೆಯಲು ಬಂದ ಅತ್ತೆಗೆ, "ಇವತ್ತು ಅಡ್ಡ ಬಂದ್ರೆ ನಾನು ಸೊಸೆ ಅಲ್ಲ, ನೀವು ಅತ್ತೆ ಅಲ್ಲ" ಎಂದೆ. ಗಂಡ ದನ ಕಟ್ಟುವ ನೆಪದಲ್ಲಿ ಆ ಕಡೆ ಹೋದ. ಬೇಯಿಸಿ ಹಿಸುಕಿ, ತುಸು ತುಪ್ಪ ಹಾಕಿ, ಮಗು ಉಗುಳಿದಷ್ಟನ್ನೂ ಮತ್ತೆ ಬಾಯಿಗಿಟ್ಟೆ. ಬಲಗಣ್ಣು ಉಳಿಯಿತು. ಸಂಜೆಯ ಹೊತ್ತು ಒಬ್ಬಳೇ ಹೊಸ್ತಿಲು ದಾಟಿ ಬಂದ ದಿನ ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಅಷ್ಟರಲ್ಲಿ ಡಾಕ್ಟರು, ಜನ ಸೊಪ್ಪನ್ನು ಸೋಸಿ ದನಕ್ಕೆ ಹಾಕುತ್ತಾರೆ ಎಂದು ಮೇಲಿನವರಿಗೆ ಬರೆದುಬಿಟ್ಟಿದ್ದರು. ಜನಕ್ಕೆ ಬೇಡದ್ದನ್ನು ಕೂಡಿಸುವುದು ದಂಡ ಎಂದು ಅಪ್ಪಣೆ ಬಂತು. ಡಿಪೋದಲ್ಲಿ ಬರೀ ಹಿಟ್ಟು ಕೊಡತೊಡಗಿದರು. ಊರಿಗೆ ಊರೇ ಹಿಗ್ಗಿತು. ಅಲ್ಲಿಯವರೆಗೆ ನನ್ನೊಡನೆ ಮಾತಾಡದ ಹೆಂಗಸರೂ ಬಾವಿಯ ಹತ್ತಿರ ನಿಲ್ಲಿಸಿ, "ಡಾಕ್ಟರ ಎದುರಿಗೆ ನೀನೇ ಅಂತಲ್ಲ ಬಾಯಿ ಮಾಡಿದ್ದು? ಒಳ್ಳೇ ಕೆಲ್ಸ ಮಾಡ್ದೆ ಕಣವ್ವ" ಎಂದರು. ಆ ಊರಿನಲ್ಲಿ ನನಗೆ ಸಿಕ್ಕ ಹೊಗಳಿಕೆ ಅದೊಂದೇ. ನಾನು ಬಾಯಿ ಮಾಡಿದ್ದು ಸೊಪ್ಪು ನಿಲ್ಲಿಸಲಿ ಎಂದಲ್ಲ ಎಂದು ಹೇಳಹೋದೆ, ನುಗ್ಗೆಸೊಪ್ಪಿನ ಮಾತೆತ್ತಿದೆ. ಕೊಡ ಎತ್ತಿಕೊಂಡು ಹೋದರು. ಮೇಲಿನ ಕೇರಿಯಲ್ಲಿ ಇನ್ನೊಂದು ಮಗು ಗೋಡೆ ಹಿಡಿದು ನಡೆಯುತ್ತಿತ್ತು. ಆ ಮನೆಗೆ ಸೊಪ್ಪು ಕೊಟ್ಟು ಬಂದೆ, ಅವರ ದನದ ಮುಂದೆ ಬಿದ್ದಿದ್ದನ್ನು ಮಾರನೆಯ ದಿನ ನಾನೇ ನೋಡಿದೆ.

ಬರೀ ಹಿಟ್ಟು ಮನೆಗೆ ಬಂದ ದಿನ ಅತ್ತೆ ಗೆದ್ದವರ ಹಾಗೆ ಅಡುಗೆಮನೆಯಲ್ಲಿ ಓಡಾಡಿದರು. ಮುದ್ದೆ ಕಟ್ಟಿ ಮೊದಲನೆಯದನ್ನು ಗಂಗಾಳಕ್ಕೆ ಹಾಕಿ ಮೊಮ್ಮಗಳ ಪಕ್ಕದಲ್ಲಿಟ್ಟು, "ನೋಡೇ ಕೂಸೇ, ಇವತ್ತು ಒಂದು ಕಡ್ಡಿನೂ ಇಲ್ಲ" ಎಂದರು. ಇಟ್ಟದ್ದು ಎಡಗಡೆ. ಮಗು ಎದುರಿಗೆ ನೆಲದ ಮೇಲೆಲ್ಲ ಕೈಯಾಡಿಸಿತು.

"ಎಲ್ಲೈತೆ ಅಜ್ಜಿ?" ಎಂದು ಕೇಳಿತು.

ನಾನು ಗಂಗಾಳವನ್ನು ಎತ್ತಿ ಮಗುವಿನ ಬಲಗಡೆಗೆ ಇಟ್ಟೆ.