ಒಂದು ಗುಟುಕಿನ ಮೌನ

ಮೆಹದಿಪಟ್ಟಣಂನ ವಾಸುದೇವ ಹನ್ನೊಂದು ವರ್ಷದಿಂದ ಹೈದರಾಬಾದಿನ ಒಂದು ದೊಡ್ಡ ಹೋಟೆಲಿನಲ್ಲಿ ವೈನ್ ವಿಭಾಗ ನೋಡಿಕೊಳ್ಳುತ್ತಿದ್ದ. ಈ ಹನ್ನೊಂದು ವರ್ಷದಲ್ಲಿ ಒಂದು ಹನಿಯನ್ನೂ ಬಾಯಿಗೆ ಹಾಕಿರಲಿಲ್ಲ. ಯಾವ ಬಾಟಲಿ ಚೆನ್ನಾಗಿದೆ, ಯಾವುದು ಕೆಟ್ಟಿದೆ ಎಂದು ಮೂಸಿಯೇ ಹೇಳುತ್ತಿದ್ದ. ತಪ್ಪುತ್ತಿರಲಿಲ್ಲ.

ಈ ವಿದ್ಯೆ ಬಂದದ್ದು ತಾಯಿಯಿಂದ. ರಾಯಚೂರು ಕಡೆಯ ತುಳಸಾಬಾಯಿ ಮಡಿಯಲ್ಲಿ ನೈವೇದ್ಯದ ಅಡಿಗೆ ಮಾಡುವವರು. ದೇವರಿಗೆ ತೋರಿಸುವ ಮುಂಚೆ ರುಚಿ ನೋಡಿದರೆ ಎಂಜಲು. ಹಾಗಾಗಿ ಸಾರಿನ ಉಪ್ಪನ್ನು ಕುದಿಯ ವಾಸನೆಯಲ್ಲೇ ತಿಳಿಯುತ್ತಿದ್ದರು. ಒಲೆಯ ಪಕ್ಕ ಕೂತು ಕೂತು ಮಗನಿಗೂ ಅದು ಬಂತು. ಹುಡುಗನ ಮೂಗು ದೇವರ ಸೇವೆಗಾಯಿತೆಂದು ತಾಯಿ ಸಂತೋಷಪಟ್ಟಿದ್ದರು.

ಹೋಟೆಲಿಗೆ ಹೊಸದಾಗಿ ಬಂದ ಮ್ಯಾನೇಜರ್ ಮೃಣಾಲಿನಿ ಧಾರವಾಡದವಳು. ನಾಲ್ಕು ಜನರೆದುರು ಇಂಗ್ಲಿಷು, ಯಾರೂ ಇಲ್ಲದಾಗ ಕನ್ನಡ.

"ವಾಸುದೇವರ, ಶನಿವಾರ ಮಧ್ಯಾಹ್ನ ಆ ಇಟಲಿ ವೈನಿಂದು ಊಟ ಅದ. ನೀವು ಗೆಸ್ಟ್‌ಗಳ ಎದುರಿಗೆ ಬಾಯಿಗೆ ಹಾಕ್ಕೊಂಡು ನೋಡಬೇಕು."

"ನಾ ಕುಡಿಯೂದಿಲ್ಲರಿ."

"ಕುಡೀರಿ ಅಂದವರ್ಯಾರು? ಬಾಯಾಗ ಹಾಕ್ಕೊಳ್ರಿ, ಉಗುಳ್ರಿ. ಆಗೂದಿಲ್ಲಂದ್ರ ಕಪ್ಪು-ಬಸಿ ಇಡೋ ಸ್ಟೋರಿನಾಗ ಜಾಗಾ ಖಾಲಿ ಅದ. ಅಲ್ಲಿ ಕೂತು ಬೇಕಾದ್ದು ಮೂಸ್ರಿ."

ಕಪ್ಪು-ಬಸಿಯ ಕೋಣೆ ಅವನಿಗೆ ಬೇಕಿರಲಿಲ್ಲ. ಆ ಇಟಲಿಯ ಬಾಟಲಿಗಳನ್ನು ಅವನು ನಾಲ್ಕು ತಿಂಗಳಿಂದ ಕತ್ತಲೆ ಕೋಣೆಯಲ್ಲಿ ಮಲಗಿಸಿ ಕಾಯ್ದಿದ್ದ. ಗುಡ್ಡದ ಇಳಿಜಾರಿನ ದ್ರಾಕ್ಷಿ ತೋಟದ್ದಂತೆ. ಬಳ್ಳಿಗೆ ವಿಷ ಹೊಡೆಯುವುದಿಲ್ಲ, ಸಾಲುಗಳ ನಡುವಿನ ಹುಲ್ಲು ಕೀಳುವುದಿಲ್ಲ, ಮಳೆನೀರನ್ನು ಕೆರೆ ಮಾಡಿ ಹಿಡಿಯುತ್ತಾರೆ. ಈ ಬಾಟಲಿಗಳ ದ್ರಾಕ್ಷಿ ಅಲ್ಲಿ ಸುಗ್ಗಿಯಾದ ವರ್ಷ ವಾಸುದೇವನಿಗೆ ಇನ್ನೂ ಮೀಸೆ ಮೂಡುತ್ತಿತ್ತು.

ಸಂಜೆ ತಾಯಿ ಹೂಬತ್ತಿ ಹೊಸೆಯುತ್ತಿದ್ದಾಗ ವಿಷಯ ತೆಗೆದ.

"ಅಮ್ಮಾ, ಬಾಯಾಗ ಹಾಕ್ಕೊಂಡು ಉಗುಳಬೇಕಂತ."

"ಉಗುಳೂದ ಇದ್ರ ಬಾಯಾಗ ಯಾಕ ಹಾಕ್ಕೋಬೇಕು?"

"ರುಚಿ ನೋಡ್ಲಿಕ್ಕೆ."

"ಘ್ರಾಣೇನ ಅರ್ಧಭೋಜನಂ ಅಂತಾರ. ಮೂಸಿದ್ರನ ಅರ್ಧಾ ಉಂಡಂಗ. ಆ ಲೆಕ್ಕದಾಗ ನೀ ಹನ್ನೊಂದು ವರ್ಷದಿಂದ ಅರ್ಧಾ ಕುಡುಕ. ನಾ ಸುಮ್ಮನ ಇದ್ದೀನಿ." ತುಳಸಾಬಾಯಿ ಮತ್ತೊಂದು ಎಳೆ ಹತ್ತಿ ತೆಗೆದುಕೊಂಡರು. "ಆದ್ರ ನುಂಗಿದಿ ಅಂದ್ರ ನನ್ನ ಅಡಿಗಿಮನ್ಯಾಗ ಕಾಲಿಡಬ್ಯಾಡ."

ಎರಡು ದಿನ ವಾಸುದೇವ ಬಚ್ಚಲಲ್ಲಿ ನಿಂತು ನೀರು ಉಗುಳುವುದನ್ನು ಅಭ್ಯಾಸ ಮಾಡಿದ.

ಶನಿವಾರ ಎಂಟು ಜನ ಬಂದರು. ಅವರಲ್ಲಿ ಒಬ್ಬ ಬಿಲ್ಡರು, ಮಾತು ಜಾಸ್ತಿ. ವಾಸುದೇವ ಬಿರಡೆ ತೆಗೆದು, ತಳದ ಗಸಿ ಏಳದ ಹಾಗೆ ನಿಧಾನವಾಗಿ ಬಗ್ಗಿಸಿದ. ಕೆಂಪು ಮಾಗಿ, ಅಂಚಿನಲ್ಲಿ ಇಟ್ಟಿಗೆಯ ಬಣ್ಣವಾಗಿತ್ತು. ಮೂಸಿದ. ಬಹಳ ದಿನ ಮುಚ್ಚಿಟ್ಟ ದೇವರ ಪೆಟ್ಟಿಗೆ ತೆರೆದಂತಿತ್ತು: ಮರ, ಬಾಡಿದ ಗುಲಾಬಿ, ಎಲ್ಲೋ ಒಂದು ಒಣದ್ರಾಕ್ಷಿ. ವೈನು ಚೆನ್ನಾಗಿದೆ ಎಂದು ಅಲ್ಲಿಗೇ ಗೊತ್ತಾಯಿತು. ಆದರೂ ಮೃಣಾಲಿನಿ ನೋಡುತ್ತಿದ್ದಳು. ಒಂದು ಗುಟುಕು ಬಾಯಿಗೆ ತೆಗೆದುಕೊಂಡ.

ಉಗುಳುವ ಪಾತ್ರೆ ಮೇಜಿನ ಮೇಲಿರಲಿಲ್ಲ. ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಮೃಣಾಲಿನಿಯೇ ತೆಗೆಸಿದ್ದಳು.

"ಎಟ್ಲುಂದಿ?" ಎಂದ ಬಿಲ್ಡರು. ಹೇಗಿದೆ ಎಂದು ಎಂಟೂ ಮುಖಗಳು ಕೇಳುತ್ತಿದ್ದವು.

ಉತ್ತರ ಕೊಡಬೇಕೆಂದರೆ ನುಂಗಬೇಕು.

ವಾಸುದೇವನ ತಂದೆ ಬದುಕಿದ್ದಷ್ಟು ದಿನವೂ ಊಟಕ್ಕೆ ಕೂತಾಗ ಮೌನ. ಅನ್ನ ಬೇಕಾದರೆ ಒಂದು ಸನ್ನೆ, ಸಾಕಾದರೆ ಒಂದು, ತಡೆ ಎನ್ನಲು ಅಂಗೈ ಎತ್ತಿ ಇನ್ನೊಂದು. ವಾಸುದೇವನೂ ಹಾಗೆಯೇ ಅಂಗೈ ಎತ್ತಿದ. ಬಿಲ್ಡರು ಬಾಯಿ ಮುಚ್ಚಿದ. ವಾಸುದೇವ ಬೆನ್ನು ನೆಟ್ಟಗೆ ಮಾಡಿಕೊಂಡು, ಯಾವ ಅವಸರವೂ ಇಲ್ಲದವನಂತೆ ಸಭಾಂಗಣ ದಾಟಿ, ಬಾಗಿಲು ತಳ್ಳಿ, ಪಾತ್ರೆ ತೊಳೆಯುವ ತೊಟ್ಟಿಗೆ ಉಗುಳಿದ. ಹದಿನಾರು ಸಲ ಬಾಯಿ ಮುಕ್ಕಳಿಸಿದ. ಊಟವಾದ ಮೇಲೆ ಅಷ್ಟು ಮುಕ್ಕಳಿಸಬೇಕೆಂದು ಶಾಸ್ತ್ರದಲ್ಲಿದೆ; ಗುಟುಕಿಗೆ ಎಷ್ಟೆಂದು ಯಾರೂ ಹೇಳಿರಲಿಲ್ಲ.

ತಿರುಗಿ ಬಂದು, "ಕುಡಿಯಬಹುದು" ಎಂದ.

ಎಂಟು ಜನ ಚಪ್ಪಾಳೆ ತಟ್ಟಿದರು. ಇದು ಇಟಲಿಯ ಪದ್ಧತಿಯೇ ಎಂದು ಬಿಲ್ಡರು ಕೇಳಿದ. ಹಳೆಯ ತೋಟಗಳಲ್ಲಿ ಮಾತ್ರ ಉಳಿದಿದೆ ಎಂದು ಮೃಣಾಲಿನಿ ಕಣ್ಣು ಮಿಟುಕಿಸದೆ ಹೇಳಿದಳು. ಆಮೇಲೆ ಅವನನ್ನು ಪಕ್ಕಕ್ಕೆ ಕರೆದಳು.

"ಮುಂದಿನ ವಾರನೂ ಹಿಂಗ ಮಾಡ್ರಿ. ಇನ್ನೊಂದೀಟು ಸಾವಕಾಶ ನಡೀರಿ."

ಕಪ್ಪು-ಬಸಿಯ ಮಾತು ಮತ್ತೆ ಬರಲಿಲ್ಲ.

ಸಂಜೆ ಮನೆಗೆ ಬಂದ ವಾಸುದೇವ ಅಡಿಗೆಮನೆಯ ಹೊಸ್ತಿಲಾಚೆಯೇ ನಿಂತ.

"ನುಂಗಿದೇನು?" ಎಂದರು ತಾಯಿ.

"ಇಲ್ಲಮ್ಮಾ. ಆದ್ರ ನಾಲಿಗಿ ಒಗರು ಒಗರು. ಎಷ್ಟು ತೊಳದ್ರೂ ಹೋಗವಲ್ದು."

ತುಳಸಾಬಾಯಿ ಕೈಯಲ್ಲಿದ್ದ ಸೌಟು ಕೆಳಗಿಟ್ಟರು.

"ನೇರಳಿಹಣ್ಣು ತಿಂದಂಗೇನು?"

"ಹೂಂ, ಹಂಗ. ಆದ್ರ ಇನ್ನೂ ಭಾಳ ಹೊತ್ತು ಇರ್ತದ."

"ಚಲೋ ಇತ್ತೇನು?"

ವಾಸುದೇವ ಯೋಚಿಸಿದ. ಸುಳ್ಳು ಹೇಳಬಹುದಿತ್ತು.

"ಚಲೋ ಇತ್ತಮ್ಮಾ."

"ಒಳಗ ಬಾ," ಎಂದರು ತುಳಸಾಬಾಯಿ. "ಮಜ್ಜಿಗಿ ಕುಡಿ, ಹೋಗ್ತದ."