ದೇವಿಂದ್ರ ತನ್ನ ಕಾಕಾಗ ಕಟ್ಟಿದ ಟ್ಯಾಂಕು

"ದೇವಿಂದ್ರ ಹ್ವಾದ" ಅಂತ ಮುಂಜಾನಿ ರಫೀಕ್ ಫೋನ್ ಮಾಡಿದಾಗ...
ನಾ ಕೇಳಿದ್ದು, "ಎಲ್ಲಿಗಿ?" ಅಂತ.
ಆ ಕಡಿಂದ ಅಳೋದು ಕೇಳಿಸ್ತು.
ಆವಾಗ ತಿಳೀತು...

ಇನ್ನೂ ನಂಬಲಾಕ ಆಗವಲ್ದು.
ನಿನ್ನಿ ಸಂಜಿತನ ಕುಂತು ಯಾರದೋ ಹಲ್ಲಿನ ಸೆಟ್ ತಿಕ್ಕಿ ನುಣ್ಣಗ ಮಾಡ್ಯಾನ.
ಇವತ್ತ ಇಲ್ಲ.
ನಲವತ್ತಮೂರು... ಇದು ಹೋಗೋ ವಯಸ್ಸೇನ್ರೀ?

ಗೊತ್ತಿಲ್ಲದವರಿಗಿ ಹೇಳ್ತೀನಿ.
ದೇವಿಂದ್ರ ಸೂಪರ್ ಮಾರ್ಕೆಟ್‌ನ್ಯಾಗ ಬಟ್ಟಿ ಅಂಗಡಿ ಮ್ಯಾಲಿನ ಸಣ್ಣ ಖೋಲ್ಯಾಗ ಹಲ್ಲಿನ ಸೆಟ್ ಮಾಡ್ತಿದ್ದ. ಡಾಕ್ಟರು ಅಳತಿ ಕಳಿಸೋರು, ಇಂವ ಹಲ್ಲು ಕೂಡ್ರಿಸೋಂವ.
ಅದೇ ಕೈಲೆ, ಪ್ಲಾಸ್ಟಿಕ್ ಕಿಟ್ ತರಿಸಿ ಯುದ್ಧದ ಟ್ಯಾಂಕು ಕಟ್ಟತಿದ್ದ.
ಖರೇ ಟ್ಯಾಂಕಿನ ಮೂವತ್ತೈದರಾಗ ಒಂದು ಪಾಲು... ಎರಡು ಅಂಗೈ ಮ್ಯಾಲ ಕೂಡೋ ಅಷ್ಟು.
ಹಲ್ಲು ಕೊರೆಯೋ ಮಶಿನ್‌ಲೆ ಟ್ಯಾಂಕಿಗಿ ಗುಂಡು ಬಡದ ಗುರುತು ಮಾಡೋಂವ. ಅಂಥಾ ಕೈ.

ಕಲಬುರಗ್ಯಾಗ ಈ ಹುಚ್ಚಿನವರು ನಾವು ಐದಾರು ಮಂದಿ, ರಫೀಕನೂ ಒಬ್ಬ. ಫೋನಿನ್ಯಾಗ ಒಂದು ಗ್ರೂಪ್ ಮಾಡ್ಕೊಂಡಿದ್ದಿವಿ.
ನಾ ಸಾಲ್ಯಾಗ ಹಿಸ್ಟರಿ ಮಾಸ್ತರ. ಅದಕ್ಕ ಗ್ರೂಪಿನ್ಯಾಗ ನನ್ನ ಮಾತೇ ಕಡೀದು.

ನನಗ "ದೋಸ್ತಾ" ಅಂತಿದ್ದ.
ದಿನಾ ಸಾಲಿ ಬಿಟ್ಟ ಮ್ಯಾಲ ಅವನ ಖೋಲ್ಯಾಗ ನಮ್ಮ ಚಾ.
"ರವಿವಾರ ಬರಬ್ಯಾಡೋ ದೋಸ್ತಾ, ಕಮಲಾಪುರಕ್ಕ ಹೋಗ್ತೀನಿ. ಕಾಕಾ ಕಾಯ್ತಾನ" ಅಂತಿದ್ದ.
ಯಾಕ ಕಾಯ್ತಾನ ಅಂತ ನಾ ಯಾವತ್ತೂ ಕೇಳಿಲ್ಲ.

ನಾಕು ತಿಂಗಳ ಹಿಂದ ಗ್ರೂಪಿನ್ಯಾಗ ಒಂದು ಫೋಟೋ ಹಾಕಿದ.
ಸೆಂಚುರಿಯನ್ ಟ್ಯಾಂಕು. ಎಪ್ಪತ್ತೊಂದರ ಯುದ್ಧದಾಗ ನಮ್ಮ ಸೈನ್ಯದ ಬಲ್ಲಿ ಇದ್ದದ್ದು.
ಗಾಲಿ ಮುಚ್ಚೋ ಬಾಜೂದ ತಗಡು ಹಚ್ಚಿರಲಿಲ್ಲ.

ನಾ ಎಲ್ಲರ ಮುಂದ ಬರದೆ...
"ಬಾಜೂದ ತಗಡೆಲ್ಲಿ? ಮೊದಲ ಹಿಸ್ಟರಿ ಓದು, ಆಮ್ಯಾಲ ಗಮ್ ಹಚ್ಚು. ಇದು ಟ್ಯಾಂಕಲ್ಲ, ಆಟಗಿ ಸಾಮಾನ."
ಅದರ ಮುಂದ ನಗೋ ಇಮೋಜಿ ಮೂರು.

ಅಂವ ಫೋಟೋ ಡಿಲೀಟ್ ಮಾಡಿದ.
"ಸರಿ ರೀ ಸರ್" ಅಂತ ಬರದ.
ದೋಸ್ತಾ ಅನ್ನೋಂವ...
ಸರ್.

ನಾಕು ತಿಂಗಳು ಅದೇ ಖೋಲಿ ಕೆಳಗ ಹಾದು ಹೋಗೀನಿ.
ಮ್ಯಾಲ ಮಶಿನ್ ಸಪ್ಪಳ ಕೇಳಿಸ್ತಿತ್ತು.
ಮೆಟ್ಟಲ ಹತ್ತಲಿಲ್ಲ.
ಅಂವನೇ ಮೊದಲ ಮಾತಾಡ್ಸಲಿ ಅಂತ...

ದೇವಿಂದ್ರಾ...
ನೀ ಯಾಕೋ ಮಾತಾಡ್ಸಬೇಕಿತ್ತು? ಆ ಮಾತು ಅಂದಾಂವ ನಾನು.
ಒಂದು ಸಲ ಫೋನ್ ಹಚ್ಚಿ, "ಇದು ನಮ್ಮ ಕಾಕಾನ ಗಾಡಿ ಲೇ" ಅಂತ ಬೈದಿದ್ರ...
ಇಲ್ಲ. ತಪ್ಪು ನಿನ್ನ ಮ್ಯಾಲ ಹಾಕಲ್ಲ.
ಸಾಲ್ಯಾಗ ದಿನಾ "ಪ್ರಶ್ನೆ ಕೇಳ್ರಿ, ಪ್ರಶ್ನೆ ಕೇಳ್ರಿ" ಅಂತ ಒದರ್ತೀನಿ ನಾ.
ನಿನಗ ಒಂದು ಪ್ರಶ್ನೆ ಕೇಳಲಿಲ್ಲ ನೋಡು...
ತಗಡು ಯಾಕ ಇಲ್ಲೋ, ಅಂತ. ಅಷ್ಟೇ.

ಇವತ್ತ ರವಿವಾರ.
ಕಮಲಾಪುರ ಬಸ್ಸಿಗಿ ನಿಂತಾಗ ಎದಿ ಹಿಡ್ಕೊಂಡು ಕುಂತನಂತ.
ಆಟೋದಾಗ ದವಾಖಾನಿಗಿ ಒಯ್ಯೋದ್ರಾಗ ಎಲ್ಲಾ ಮುಗದಿತ್ತು.

ಮಧ್ಯಾಹ್ನ ಗ್ರೂಪಿನವರೆಲ್ಲಾ ಅವನ ಊರು ಕಮಲಾಪುರಕ್ಕ ಹೋದ್ವಿ.
ಬುದ್ಧನ ಮೂರ್ತಿ ಮುಂದ ಮೇಣಬತ್ತಿ ಹಚ್ಚಿದ್ರು.
ಅವನ ಹೆಂಡತಿ ಸುಜಾತಾ ಗ್ವಾಡಿಗಿ ಆತು ಕುಂತಿದ್ಳು. ಆಕಿ ಕಣ್ಣಾಗ ನೀರೂ ಇರಲಿಲ್ಲ.
ಆಕಿ ಬಾಜೂಕ ಕಾಕಾ. ಎಪ್ಪತ್ತೈದು ದಾಟ್ಯಾರ, ಕಣ್ಣು ಸರಿ ಕಾಣಲ್ಲ.

ಅಲ್ಲೇ ನನಗ ಗೊತ್ತಾಗಿದ್ದು...
ಕಾಕಾ ಫೌಜಿನ್ಯಾಗ ಇದ್ದವರು. ಎಪ್ಪತ್ತೊಂದರಾಗ ಅದೇ ಟ್ಯಾಂಕಿನ ಒಳಗ ಕುಂತು ತೋಪಿಗಿ ಗುಂಡು ತುಂಬಿದವರು.
ಐವತ್ತು ವರ್ಷ ಮನ್ಯಾಗ ಯಾರಿಗೂ ಒಂದು ಮಾತು ಹೇಳಿರಲಿಲ್ಲಂತ.
ದೇವಿಂದ್ರ ಆ ಕಿಟ್ ತಂದು ಮುಂದ ಇಟ್ಟ ಮ್ಯಾಲ, ರವಿವಾರಕ್ಕೊಂದು ಮಾತು ಬಾಯಿ ಬಿಟ್ಟಿದ್ರಂತ.

ದೇವಿಂದ್ರನ ಚೀಲದಾಗ ಒಂದು ಮಿಠಾಯಿ ಡಬ್ಬಿ ಇತ್ತು.
ಹತ್ತಿ ಅರಳಿ ಒಳಗ ಟ್ಯಾಂಕು. ಪೂರಾ ಮುಗಿಸಿ ಇವತ್ತ ಕಾಕಾಗ ಕೊಡಲಾಕ ಒಯ್ತಿದ್ದ.
ಸುಜಾತಾ ಅದನ್ನ ತೆಗದು ಅವರ ಕೈಯಾಗ ಇಟ್ಳು.
ಬೆರಳಾಡಿಸಿ ನೋಡಿದ್ರು... ತೋಪು... ಮ್ಯಾಲಿನ ಮುಚ್ಚಳ...
ಬಾಜೂಕ ಬಂದು ಕೈ ನಿಂತಿತು.

"ಇದು ನಮ್ಮ ಗಾಡಿ ಅಲ್ಲ, ಸುಜಾತಾ" ಅಂದ್ರು.

ತಗಡು ಹಚ್ಚಿದ್ದ ದೇವಿಂದ್ರ.
ನಾ ಹೇಳಿದಂಗ.

ಕಾಕಾ ತಮ್ಮಷ್ಟಕ್ಕ ತಾವೇ ಹೇಳಲಾಕತ್ತಿದ್ರು.
"ರಾಡಿ ಸಿಕ್ಕೊಂಡು ಗಾಲಿ ತಿರುಗ್ತಿರಲಿಲ್ಲ. ನಾವೇ ಬಿಚ್ಚಿ ಒಗದಿದ್ವಿ ತಗಡ. ಕಡೀ ಬೋಲ್ಟ್ ನಮ್ಮ ಡ್ರೈವರ್ ಬಿಚ್ಚಿದ್ದ... ಮರುದಿನ ಅಂವ ಇರಲಿಲ್ಲ. ಎಲ್ಲಾ ಹೇಳಿದ್ದೆ ಇವಂಗ. ಒಂದಿನ ಬಂದು, ಕಾಕಾ, ಸರಿ ನೆನಪ ಮಾಡ್ಕೊ, ತಗಡು ಇದ್ದವೇನು, ಅಂದ. ಮುಂದಿನ ವಾರನೂ ಅದೇ ಕೇಳಿದ. ಯಾರೋ ಮಾಸ್ತರ ಹೇಳ್ಯಾರಂತ, ಭಾಳ ಓದಿದವರಂತ. ವಯಸ್ಸಾತಪಾ, ನನಗೇನೂ ನೆನಪಿಲ್ಲ, ನಿನಗ ತಿಳಿದಂಗ ಮಾಡು ಅಂದುಬಿಟ್ಟೆ."

ಟ್ಯಾಂಕು ತೊಡಿ ಮ್ಯಾಲ ಇಟ್ಕೊಂಡು ಅಂದ್ರು...
"ಆಮ್ಯಾಲೂ ಬರ್ತಿದ್ದ. ಚಾ ಕುಡೀತಿದ್ವಿ. ಮಾತಿರಲಿಲ್ಲ."

ನಾ ಪುಸ್ತಕದಾಗ ನೋಡಿದ್ದು ಪರೇಡಿನ ಫೋಟೋ ರೀ...
ಪರೇಡಿನ ಫೋಟೋ ನೋಡಿ ಅಷ್ಟು ಮಾತಾಡಿದೆ.

ಹೊರಡೋ ಮುಂದ ಕಾಕಾ ಕೇಳಿದ್ರು.
"ಆ ಮಾಸ್ತರ ಬಂದಾರೇನಪಾ? ನಮ್ಮ ದೇವಿಂದ್ರಗ ಭಾಳ ಬೇಕಾದವರು. ಬಂದಿದ್ರ ಒಂದೀಟು ನನ್ನ ಹತ್ರ ಕೂಡ್ರಸ್ರಿ."

ಗ್ರೂಪಿನವರೆಲ್ಲಾ ನನ್ನ ಮಾರಿ ನೋಡಿದ್ರು.
ನಾ ಬಾಗಲ ಕಡಿ ಸರದೆ.
ಕಡೀಕ ರಫೀಕನೇ ಅಂದ, "ಇಲ್ಲ ಕಾಕಾ... ಬಂದಿಲ್ಲ ಅವರು."
ನಾ ಹೊರಗ ಬಂದು ಚಪ್ಪಲಿ ಹಾಕ್ಕೊಂಡೆ.

ಸಮಾಧಾನದ ಮಾತು ನನಗ ಬರೀಬ್ಯಾಡ್ರಿ.
ಬರೋದಿದ್ರ ಕಮಲಾಪುರಕ್ಕ ಬರ್ರಿ. ನಾಳಿ ಮುಂಜಾನಿ ಮಣ್ಣು.

ದೇವಿಂದ್ರಾ...
ಬುದ್ಧನ ನೆರಳಿನ್ಯಾಗ ನಿನ್ನ ಜೀವ ತಣ್ಣಗ ಮಲಗಲಿ.